ಮುಖದ ಊತಕ್ಕೆ ಅಲರ್ಜಿ ಮಾತ್ರೆ ಸಾಕೇ?

ಮಾನ್ಯ ಸಂಪಾದಕರೇ,

ಬೆಳಿಗ್ಗೆ ಏಳುವಾಗ ಮುಖ, ಕತ್ತು ಊದಿರುತ್ತವೆ. ಬಗ್ಗಿದರೆ ತಲೆ ಭಾರ, ಅಂಗಾತ ಮಲಗಿದರೆ ಉಸಿರಾಟ ಕಷ್ಟ, ಎದೆಯ ಮೇಲೆ ಉಬ್ಬಿದ ನೀಲಿ ನರಗಳು. ಇಂಥವರಿಗೂ ಅಲರ್ಜಿ ಮಾತ್ರೆ ಕೊಟ್ಟು ಕಳಿಸುವುದುಂಟು. ತಲೆ, ತೋಳುಗಳ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಸಿರೆಯನ್ನು ಗಡ್ಡೆ ಒತ್ತಿದಾಗ ಹೀಗಾಗುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಮತ್ತು ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇದರ ಮುಖ್ಯ ಕಾರಣಗಳು.

ಸ್ಟೆಂಟ್ ಎಂದರೆ ಹೃದಯಾಘಾತ ಎಂದಷ್ಟೇ ನಮ್ಮ ಜನರಿಗೆ ಗೊತ್ತು. ಈ ಸಿರೆಗೂ ಅದನ್ನು ಹಾಕಬಹುದು. ಹೆಚ್ಚಾಗಿ ತೊಡೆಸಂದಿನ ಸಿರೆಯ ಮೂಲಕ ತಂತಿ ತೂರಿಸಿ, ಲೋಹದ ಜಾಲರಿ ಕೊಳವೆಯನ್ನು ಅಡಚಣೆಯ ಜಾಗದಲ್ಲಿ ಅರಳಿಸುತ್ತಾರೆ. ಎದೆ ಕೊಯ್ಯಬೇಕಿಲ್ಲ. ವಿಕಿರಣ ಚಿಕಿತ್ಸೆ ಫಲ ಕೊಡಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು; ಸ್ಟೆಂಟ್ ಹಾಕಿದ ಬಹುತೇಕರಿಗೆ 24ರಿಂದ 72 ಗಂಟೆಗಳಲ್ಲಿ ಊತ ಇಳಿಯುತ್ತದೆ.

ಇದರಿಂದ ಕ್ಯಾನ್ಸರ್ ಗುಣವಾಗುವುದಿಲ್ಲ, ನಿಜ. ಲಿಂಫೋಮಾದಂಥ ಗಡ್ಡೆ ಕಿಮೊಥೆರಪಿಗೆ ಬೇಗ ಕರಗುವುದರಿಂದ ಎಲ್ಲರಿಗೂ ಸ್ಟೆಂಟ್ ಬೇಕಾಗದು. ಅದರೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಆದರೆ ‘ಹೇಗೂ ಕ್ಯಾನ್ಸರ್, ಇನ್ನೇನು ಮಾಡುವುದು’ ಎಂದು ಕೈಚೆಲ್ಲುವುದನ್ನು ನಾನು ಒಪ್ಪಲಾರೆ. ಇರುವಷ್ಟು ದಿನ ಬೆನ್ನು ಹಾಸಿಗೆಗೆ ತಾಗಿಸಿ ನಿದ್ರಿಸುವುದು ಸಣ್ಣ ಸಂಗತಿಯೇ?

ಇಂಥ ಲಕ್ಷಣಗಳಿರುವವರಿಗೆ ತಡಮಾಡದೆ ಸಿ.ಟಿ. ಸ್ಕ್ಯಾನ್ ಮಾಡಿಸಿ, ಸೌಲಭ್ಯವಿರುವ ಕಡೆಗೆ ಕಳುಹಿಸುವಂತೆ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಿಗೆ ಆರೋಗ್ಯ ಇಲಾಖೆ ಸೂಚಿಸಲಿ.

– ಒಬ್ಬ ಓದುಗ, ಹಾಸನ