ಆಕಾರವಿಲ್ಲದ ಪ್ರೋಟೀನುಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಿಂದ ಊಹಿಸುವ ಸಾಧನೆಗೆ 2024ರ ರಸಾಯನಶಾಸ್ತ್ರ ನೊಬೆಲ್ ಸಂದ ಮೇಲೆ, ಪ್ರತಿ ಪ್ರೋಟೀನಿಗೂ ಬೇಲೂರಿನ ಮದನಿಕೆಯಂತೆ ಕಡೆದಿಟ್ಟ ಒಂದೇ ಭಂಗಿಯಿದೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಗಟ್ಟಿಯಾಗಿದೆ. ಹಾಸನದ ಪದವಿಪೂರ್ವ ತರಗತಿಗಳಲ್ಲಿ ಬೀಗ ಮತ್ತು ಕೀಲಿಯ ಹೋಲಿಕೆ ಕೊಟ್ಟು ವರ್ಷಗಟ್ಟಲೆ ಪಾಠ ಮಾಡಿದ ನಾನೂ ಇದಕ್ಕೆ ಹೊಣೆಗಾರ.

ನಮ್ಮ ದೇಹದ ಪ್ರೋಟೀನುಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನಲ್ಲಿ ನಿಶ್ಚಿತ ಆಕಾರಕ್ಕೆ ಮಡಿಚಿಕೊಳ್ಳದ ಉದ್ದನೆಯ ಭಾಗಗಳಿವೆ. ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ, 140 ಅಮೈನೋ ಆಮ್ಲಗಳನ್ನು ಪೋಣಿಸಿದ ಎಳೆಯಾದ ಆಲ್ಫಾ-ಸಿನ್ಯೂಕ್ಲಿನ್ ಅಂಥದ್ದು. ಆಲ್‌ಝೈಮರ್ ಕಾಯಿಲೆಗೆ ಸಂಬಂಧಿಸಿದ ಟೌ ಪ್ರೋಟೀನ್ ಕೂಡ. ಅರಸೀಕೆರೆಯ ಅಂಗಳದಲ್ಲಿ ಎಸೆದ ತೆಂಗಿನ ಹುರಿಯಂತೆ ಸಡಿಲವಾಗಿದ್ದು ಕ್ಷಣಕ್ಷಣಕ್ಕೂ ಭಂಗಿ ಬದಲಿಸುವ ಇವುಗಳಿಗೆ ಸರಾಸರಿ ಆಕಾರವಷ್ಟೇ ಇರುತ್ತದೆ. ಅದನ್ನು ಎಳೆದು ಅಳೆಯಬಹುದು.

ಅಣುವಿನ ಒಂದು ತುದಿಯನ್ನು ಗಾಜಿಗೂ ಇನ್ನೊಂದನ್ನು ಕಾಂತೀಯ ಮಣಿಗೂ ಅಂಟಿಸಿ, ಅಯಸ್ಕಾಂತದಿಂದ ಪಿಕೋನ್ಯೂಟನ್ ಮಟ್ಟದಲ್ಲಿ, ಅಂದರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಬಲದಿಂದ ಎಳೆಯುತ್ತಾರೆ. ಬಲವನ್ನು ಎಂಟು ಪಟ್ಟು ಮಾಡಿದಾಗ ಉದ್ದವೂ ಎಂಟು ಪಟ್ಟಾದರೆ, ಪ್ರೋಟೀನ್ ಎಳೆಯ ಭಾಗಗಳು ಪರಸ್ಪರ ಲೆಕ್ಕಿಸದೆ ಸುತ್ತಿಕೊಂಡಿವೆ ಎಂದರ್ಥ. ನಾಲ್ಕೇ ಪಟ್ಟಾದರೆ, ಅವು ಒಂದನ್ನೊಂದು ದೂರ ತಳ್ಳಿ ಎಳೆಯನ್ನು ಉಬ್ಬಿಸಿವೆ. ಪೂರ್ಣ ಚಾಚಿಕೊಳ್ಳುವ ಮುನ್ನ ಮಾತ್ರ ಈ ಲೆಕ್ಕ ಸಲ್ಲುತ್ತದೆ. ನನಗೆ ಅತ್ಯಂತ ಸೊಗಸಾಗಿ ಕಾಣುವುದು ಬಲವೇ ಇಲ್ಲಿ ಅಳತೆಗೋಲಾಗುವ ರೀತಿ: ಒಂದು ಪಿಕೋನ್ಯೂಟನ್ ಎಳೆತವು ಸುಮಾರು ನಾಲ್ಕು ನ್ಯಾನೋಮೀಟರ್ ಹರವಿನ ರಚನೆಯನ್ನು ತಿಳಿಸಿದರೆ, ಅದಕ್ಕಿಂತ ಮೆಲುವಾದ ಎಳೆತ ಇನ್ನೂ ದೊಡ್ಡ ಹರವಿನದನ್ನು ತಿಳಿಸುತ್ತದೆ. ಒಂದೇ ಬಗೆಯ ವಿದ್ಯುದಂಶವುಳ್ಳ ಎಳೆಯಾದರೆ, ದ್ರಾವಣಕ್ಕೆ ಉಪ್ಪು ಹೆಚ್ಚಿಸಿದಾಗ ವಿಕರ್ಷಣೆ ತಗ್ಗಿ ಅದು ಕುಗ್ಗುವುದೂ ಇದೇ ಅಳತೆಯಲ್ಲಿ ಕಾಣುತ್ತದೆ.

ಈ ಸ್ಥಿತಿಸ್ಥಾಪಕತ್ವದ ಮೂಲ ರಬ್ಬರಿನದೇ: ಎಳೆದಷ್ಟೂ ಅಣುವಿಗೆ ಸಾಧ್ಯವಿರುವ ಭಂಗಿಗಳು ಕಡಿಮೆಯಾಗುವುದರಿಂದ ಅದು ಹಿಂದಕ್ಕೆ ಸೆಳೆಯುತ್ತದೆ.

1963ರಲ್ಲಿ ಜೈವಿಕ ಭೌತವಿಜ್ಞಾನಿ ಜಿ. ಎನ್. ರಾಮಚಂದ್ರನ್ ಅವರು ಸಹೋದ್ಯೋಗಿಗಳೊಡನೆ ಮದ್ರಾಸಿನಿಂದ ಪ್ರಕಟಿಸಿದ ನಕ್ಷೆ, ಪ್ರೋಟೀನಿನ ಕೀಲುಗಳು ಯಾವ ಕೋನಗಳಲ್ಲಿ ತಿರುಗಬಲ್ಲವೆಂದು ತೋರಿಸಿತು. ಮಡಿಚದ ಎಳೆಗೂ ಅದು ಅನ್ವಯಿಸುತ್ತದೆ. ಆದ್ದರಿಂದ ತಮ್ಮ ವಿಜ್ಞಾನ ಪುಟದಲ್ಲಿ ಈ ವಿಷಯಕ್ಕೆ ಒಂದು ಸಚಿತ್ರ ಲೇಖನವನ್ನು ಮೀಸಲಿಡಬೇಕೆಂದು ವಿನಂತಿ. ತೂಕ ಕಟ್ಟಿದ ರಬ್ಬರ್ ಬ್ಯಾಂಡಿಗೆ ಬಿಸಿಗಾಳಿ ಹಾಯಿಸಿದರೆ ತೂಕ ಮೇಲೇರುವ ಪ್ರಯೋಗವನ್ನೂ ಅದರಲ್ಲಿ ಸೇರಿಸಿದರೆ, ನಮ್ಮ ತಾಲ್ಲೂಕು ಕಾಲೇಜುಗಳಲ್ಲೂ ಅದನ್ನು ಮಾಡಿ ತೋರಿಸಬಹುದು.

ಇಂತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಹಾಸನ