ಮಗಳಿಗೊಂದು ಪತ್ರ: ಆ ಹುಡುಗಿ ಕೇಳಿದ ಪ್ರಶ್ನೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡ್ತಿತ್ತು, ಅರ್ಧ ಮಾತು ಗಂಟಲಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಸಂಡೇ ಸ್ಕೂಲಿನ ಹುಡುಗಿ ಕೇಳಿದ್ದು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. "ತಾತ ದಿನಾ ಪ್ರಾರ್ಥನೆ ಮಾಡ್ತಿದ್ರು ಟೀಚರ್, ಮತ್ಯಾಕೆ ಆನೆ ತುಳಿದುಬಿಡ್ತು?" ನೀನು "ನಂಗೂ ಗೊತ್ತಿಲ್ಲ ಕಣೇ" ಅಂತ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆಯಂತೆ. ಅದಕ್ಕೆ ಇಷ್ಟೊಂದು ಬೇಜಾರು ಯಾಕೆ? ಸರಿಯಾಗೇ ಮಾಡಿದ್ದೀಯ. ಆಮೇಲೆ ಹಿರಿಯರೊಬ್ಬರು ಬಂದು "ಎಲ್ಲಾ ದೇವರ ಚಿತ್ತ ಅನ್ನಬೇಕಿತ್ತು" ಅಂದರಲ್ಲ, ಆ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡ. ಅಷ್ಟು ಚಿಕ್ಕ ಮಗುವಿಗೆ ಹಾಗಂದರೆ ದೇವರೇ ಆನೆ ಕಳಿಸಿದ ಅಂತ ಕೇಳಿಸುತ್ತದೆ. ನಾಳೆ ಅವಳು ಯಾರ ಹತ್ತಿರ ಪ್ರಾರ್ಥನೆ ಮಾಡಬೇಕು ಹೇಳು?

ಲೂಕನ ಸುವಾರ್ತೆಯ 13ನೇ ಅಧ್ಯಾಯ ತೆಗೆದು ಓದು. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಯೇಸುಸ್ವಾಮಿ ಕೇಳಿ, ಅಲ್ಲ ಅಂತ ಅವರೇ ಹೇಳುತ್ತಾರೆ. ಬುರುಜು ಯಾಕೆ ಬಿತ್ತು ಅನ್ನೋದನ್ನು ಮಾತ್ರ ಹೇಳುವುದಿಲ್ಲ, ಕೇಳುತ್ತಿದ್ದವರ ಕಡೆಗೇ ಮಾತು ತಿರುಗಿಸಿಬಿಡುತ್ತಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನನ್ನ ಕ್ಲಾಸಿನ ಹುಡುಗನೊಬ್ಬ "ಅಲ್ಲಿಯವರು ಪಾಪ ಮಾಡಿದ್ರಾ ಆಂಟಿ" ಅಂತ ಕೇಳಿದ್ದ. ಮನೆಯಲ್ಲಿ ಯಾರೋ ದೊಡ್ಡವರು ಆಡಿದ ಮಾತು, ಮಗು ಎತ್ತಿಕೊಂಡು ಬಂದಿತ್ತು ಅಷ್ಟೇ. ಆವತ್ತು ಪಾಠ ಬಿಟ್ಟು ಈ ಬುರುಜಿನ ಕಥೆಯನ್ನೇ ಹೇಳಿದೆ. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರದ್ದೂ ಹೇಳಿದೆ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರಲ್ಲ, ಅಲ್ಲಿವರೆಗೂ ಒಳ್ಳೆಯವರೇ, ನಿನ್ನ ಪಾಪಕ್ಕೇ ಇದು ಅಂತ ಬಾಯಿ ಬಿಟ್ಟ ಮೇಲೆ ಕೆಟ್ಟಿತು. (ನಮ್ಮ ಸಭೆಯಲ್ಲೂ ಅಂಥವರಿಗೆ ಕಮ್ಮಿ ಇಲ್ಲ, ಬಿಡು.)

ಮಕ್ಕಳಿಗೆ ದೇವರನ್ನು ಹೊಗಳೋಕೆ ನಾವು ಚೆನ್ನಾಗಿ ಕಲಿಸುತ್ತೇವೆ. ದೇವರ ಹತ್ತಿರ ಜಗಳ ಆಡೋಕೆ ಕಲಿಸುವುದಿಲ್ಲ. 13ನೇ ಕೀರ್ತನೆ ನೋಡು, ಮೊದಲೆರಡು ವಚನದಲ್ಲೇ ನಾಲ್ಕು ಸಲ "ಇನ್ನೆಷ್ಟು ದಿನ" ಅಂತ ಕೇಳುತ್ತಾನೆ ದಾವೀದ. ಮುಂದಿನ ವಾರ ಅದನ್ನೇ ಓದಿಸು. ಆಮೇಲೆ ಒಂದೊಂದು ಹಾಳೆ ಕೊಟ್ಟು, ದೇವರ ಮೇಲೆ ಕೋಪ ಇದ್ದರೆ ಬರೆಯಿರಿ, ಬರೆಯೋಕೆ ಬಾರದವರು ಚಿತ್ರ ಬಿಡಿಸಿ ಅನ್ನು. ಹೇಗೂ ಈ ಮಳೆಗಾಲದಲ್ಲಿ ನಿಮ್ಮ ಶೀಟಿನ ಮಾಡಿನ ಕೆಳಗೆ ಕಥೆ ಹೇಳಿದರೆ ಮೊದಲ ಬೆಂಚಿಗೂ ಕೇಳಿಸಲ್ಲ. ಹಾಳೆಗಳನ್ನು ಗೋಡೆಗೆ ಅಂಟಿಸಬೇಡ, ಬೇರೆಯವರಿಗೆ ತೋರಿಸಲೂ ಬೇಡ.

ಬಾಯಿಪಾಠಕ್ಕೆ ಬಹುಮಾನ ಇಡಬೇಕಾ ಅಂತ ಕೇಳಿದ್ದೆ. ನಾನು ಬಾಯಿಪಾಠಕ್ಕೆ ವಿರೋಧ ಅಲ್ಲ. ಆದರೆ ಬಹುಮಾನ ಇಟ್ಟ ಕೂಡಲೇ ಏನಾಗುತ್ತೆ ನಿಂಗೇ ಗೊತ್ತು, ಎಲ್ಲರೂ "ಯೇಸು ಕಣ್ಣೀರು ಬಿಟ್ಟನು" ಅನ್ನೋದಕ್ಕೆ ಮುಗಿಬೀಳುತ್ತಾರೆ, ಚಿಕ್ಕದು ಅಂತ! ನೀನೂ ಅದನ್ನೇ ಹೇಳಿ ಪೆನ್ಸಿಲ್ ಬಾಕ್ಸ್ ಗೆದ್ದವಳು. ಈ ಸಲ ಆ ವಚನವನ್ನು ಓಡಿಸದೆ ಅಲ್ಲೇ ನಿಲ್ಲಿಸಿ ಕೇಳು: ಯಾಕೆ ಅತ್ತರು? ಸತ್ತುಹೋದ ಸ್ನೇಹಿತ ಲಾಜರನನ್ನು ಇನ್ನೇನು ಎಬ್ಬಿಸುತ್ತಾರೆ, ಅದು ಅವರಿಗೆ ಗೊತ್ತು, ಆದರೂ ಸಮಾಧಿಗೆ ಹೋಗುವ ಮುಂಚೆ ಅತ್ತರು. ನಿನ್ನ ಆ ಹುಡುಗಿಗೆ ಸದ್ಯಕ್ಕೆ ಕೊಡಬಹುದಾದದ್ದು ಇದೊಂದೇ ಅನ್ನಿಸುತ್ತೆ ನಂಗೆ.

ಇನ್ನೊಂದು. ನಿಮ್ಮ ಕಡೆ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ ಮಕ್ಕಳು ಜಾಸ್ತಿ. ಮನೆಯಲ್ಲಿ ತಮಿಳೋ ಮಲಯಾಳವೋ, ಕಾಫಿ ಕುಯ್ಲಿನ ಸಮಯದಲ್ಲಿ ಶಾಲೆಯೂ ಅಷ್ಟಕ್ಕಷ್ಟೆ. ಅವರು ಸತ್ಯವೇದ (ಬೈಬಲ್) ತಡವರಿಸಿ ಓದಿದರೆ ಉಳಿದವರು ನಗದಂತೆ ನೋಡಿಕೋ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರಿನಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ಶುರು ಮಾಡಿದ್ದೇ ವಾರವೆಲ್ಲ ದುಡಿಯುವ ಮಕ್ಕಳಿಗೆ ಓದು ಕಲಿಸೋಕೆ. ಅಷ್ಟು ದೂರ ಯಾಕೆ, ಮಂಗಳೂರ ಸಮಾಚಾರ ಪತ್ರಿಕೆ ತಂದ ಮಿಷನರಿ ಮೊಗ್ಲಿಂಗ್ ಅಯ್ಯನವರು 1850ರ ದಶಕದಲ್ಲಿ ಕೊಡಗಿಗೆ ಬಂದು ಆನಂದಪುರ ಅನ್ನೋ ಊರು ಕಟ್ಟಿದ್ದೂ ಬಡವರ ನಡುವೆಯೇ, ನಿಮ್ಮ ಸಿದ್ದಾಪುರದ ಹತ್ತಿರವೇ. ಬಣ್ಣ ಹಚ್ಚಿಸಿ ಹಾಡು ಹೇಳಿಸಿ ಕಳಿಸಿದರೆ ಮುಗೀತು ಅಂತ ಅಂದುಕೊಳ್ಳಬೇಡ.

ವಾರಕ್ಕೆ ಒಂದು ಗಂಟೆ ಸಿಗುತ್ತದೆ ನಿಂಗೆ. ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಿ ಅಂತ ಇದೆಯಲ್ಲ, ಆ ಮಾತು ಮನೆಯವರಿಗೆ. ಹಾಗಾಗಿ ಮನೆಗಳಿಗೆ ಹೋಗು. ಮೊದಲು ಆ ಹುಡುಗಿಯ ಮನೆಗೆ. ಉಪದೇಶ ಬೇಡ, ಅವಳ ಅಮ್ಮ ಕೊಟ್ಟ ಕಾಫಿ ಕುಡಿದು, ತಾತ ಎಂಥವರಿದ್ದರು ಅಂತ ಕೇಳಿ ಬಾ. ಅಳಿಯಂದಿರನ್ನು ಜೀಪಲ್ಲಿ ಕರೆದುಕೊಂಡು ಹೋಗು, ಕತ್ತಲಾಗೋಕೆ ಮುಂಚೆ ವಾಪಸ್ ಬಂದುಬಿಡಿ, ಆ ತೋಟದಲ್ಲಿ ಆನೆ ಇನ್ನೂ ಇದೆ ಅಂತೀಯ. ಕ್ಲಾಸಿನಲ್ಲಿ ಮಗುವನ್ನು ಬೇರೆ ಕೂರಿಸಿ ಮಾತಾಡಿಸುವುದಾದರೆ ಬಾಗಿಲು ತೆಗೆದಿರಲಿ, ಇನ್ನೊಬ್ಬ ಟೀಚರಿಗೆ ಕಾಣುವಂತಿರಲಿ. ಇದನ್ನು ಮಾತ್ರ ಯಾರು ಏನಂದರೂ ಬಿಡಬೇಡ. ರಜೆಯ ವಿಬಿಎಸ್‌ಗೆ (ರಜಾ ಬೈಬಲ್ ಶಾಲೆಗೆ) ಬೇರೆ ಧರ್ಮದ ಮಕ್ಕಳು ಬಂದರೆ ಅಪ್ಪ ಅಮ್ಮನನ್ನು ಕೇಳದೆ ಸೇರಿಸಿಕೊಳ್ಳಬೇಡ.

ಶನಿವಾರ ಅಪ್ಪ ಸಿದ್ದಾಪುರಕ್ಕೆ ಬರ್ತಾರೆ. ಡ್ರಾಯಿಂಗ್ ಹಾಳೆ, ಕ್ರೆಯಾನ್ ಕಳಿಸ್ತೀನಿ, ನನ್ನ ಹಳೇ ಚಿತ್ರದ ಚಾರ್ಟುಗಳಲ್ಲಿ ಗೆದ್ದಲು ತಿನ್ನದೆ ಉಳಿದದ್ದನ್ನೂ ಕಟ್ಟಿಟ್ಟಿದ್ದೇನೆ. ಮಕ್ಕಳು ಎಷ್ಟು ಜನ ಅಂತ ಶುಕ್ರವಾರದೊಳಗೆ ಒಂದು ಮೆಸೇಜ್ ಹಾಕು.

ನಿನ್ನ ಅಮ್ಮ
ಮಡಿಕೇರಿ