ಓದಿಸಲು ಹೋಗುವ ಮುನ್ನ

ಚಿ. ಮೇಘನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಶಾಲೆಯ ಎಂಟು ಜನ ಸೇರಿ ಸುತ್ತಮುತ್ತಲಿನವರಿಗಾಗಿ ಏನಾದರೂ ಮಾಡಬೇಕೆಂದು ಹೊರಟಿದ್ದೀರಂತೆ, ಬಹಳ ಸಂತೋಷ. ಆದರೆ ನೀನು ಕಳಿಸಿದ ಪಟ್ಟಿ ಉದ್ದವಾಯಿತು ಮಗಳೇ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಹೊಡೆದುಹಾಕು. ಗಿಡ ನೆಟ್ಟರೆ ಮೊದಲ ಎರಡು ಮೂರು ಬೇಸಿಗೆ ನೀರು ಹಾಕುವವರು ಬೇಕು. ಅಷ್ಟರಲ್ಲಿ ನೀವು ಶಾಲೆ ಮುಗಿಸಿರುತ್ತೀರಿ. ಪಾರ್ಕು ಸ್ವಚ್ಛ ಮಾಡಲು ಇಳಿದರೆ ಒಡೆದ ಗಾಜು, ಸೂಜಿ ಕೈಗೆ ಸಿಗುತ್ತವೆ. ತುಂಬಿದ ಚೀಲ ಒಯ್ಯುವ ಗಾಡಿ ಮೊದಲೇ ಗೊತ್ತುಮಾಡದಿದ್ದರೆ ಬೆಳಗಾಗುವುದರೊಳಗೆ ನಾಯಿಗಳು ಎಳೆದಾಡಿ ಎಲ್ಲವೂ ಮತ್ತೆ ನೆಲದ ಮೇಲೆ. ಗ್ರಂಥಾಲಯಕ್ಕೆ ಬರುವ ಚಿಕ್ಕ ಮಕ್ಕಳಿಗೆ ಓದಿಸುವುದೇ ನಿಮ್ಮ ವಯಸ್ಸಿಗೆ, ನಿಮ್ಮ ಬಿಡುವಿಗೆ ಹೊಂದುವ ಕೆಲಸ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಅಲ್ಲಿನ ಗ್ರಂಥಪಾಲಕರನ್ನು ಹೋಗಿ ಕಾಣಿರಿ. 'ನಾವು ಇಂಥದ್ದು ಮಾಡುತ್ತೇವೆ' ಎನ್ನಬೇಡಿ, 'ನಿಮಗೆ ಯಾವ ದಿನ, ಯಾವ ಹೊತ್ತಿಗೆ ಕೈ ಸಾಲದು' ಎಂದು ಕೇಳಿ. ಬರಲಾಗದ ದಿನ ಯಾರಿಗೆ ಫೋನ್ ಮಾಡಬೇಕೆಂಬುದನ್ನೂ ಬರೆದುಕೊಳ್ಳಿ. ವಾರಕ್ಕೊಂದು ದಿನ, ಒಂದು ಗಂಟೆ, ಹತ್ತು ವಾರ: ಇಷ್ಟಕ್ಕೆ ಮಾತ್ರ ಮಾತು ಕೊಡಿ. ಪರೀಕ್ಷೆಯ ವಾರಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಬಿಟ್ಟುಬಿಡಿ. 'ಆದಾಗಲೆಲ್ಲ ಬರುತ್ತೇವೆ' ಎಂದು ಶುರುವಾದದ್ದು ಮೂರನೇ ವಾರಕ್ಕೇ ಸೊರಗುತ್ತದೆ, ಏಕೆಂದರೆ ಅದರಲ್ಲಿ ತಪ್ಪಿಸಬಾರದ ದಿನ ಎಂಬುದೇ ಇರುವುದಿಲ್ಲ. ಎಂಟು ಜನರಲ್ಲಿ ಆರು ಜನ ಓದಿಸಲಿ, ಇಬ್ಬರು ಬದಲಿಗೆ ಇರಲಿ. ಎಲ್ಲರ ಮನೆಯವರಿಂದಲೂ ಒಪ್ಪಿಗೆ ಪತ್ರ ತನ್ನಿ. ಅದರಲ್ಲಿ ಮನೆಯ ಫೋನ್ ನಂಬರು, ಆಸ್ತಮಾ ಅಥವಾ ಅಲರ್ಜಿ ಇದ್ದರೆ ಅದೂ ಇರಬೇಕು.

ಇನ್ನು ಓದಿಸುವ ವಿಷಯ. ಒಬ್ಬರಿಗೆ ಒಂದೇ ಮಗು, ಹತ್ತು ವಾರವೂ ಅದೇ ಮಗು. ಎದುರಿಗಲ್ಲ, ಪಕ್ಕದಲ್ಲಿ ಕುಳಿತುಕೋ, ಆಗ ಇಬ್ಬರ ಕಣ್ಣೂ ಒಂದೇ ಸಾಲಿನ ಮೇಲಿರುತ್ತದೆ. ಪುಸ್ತಕ ಮಗುವಿನ ಕೈಯಲ್ಲೇ ಇರಲಿ. ಒಂದು ಪುಟದಲ್ಲಿ ಐದು ಪದಕ್ಕೆ ತಡವರಿಸಿದರೆ ಆ ಪುಸ್ತಕ ಈಗ ಬೇಡ, ಇನ್ನೂ ಸುಲಭದ್ದು ಆರಿಸು. ಇಪ್ಪತ್ತು ನಿಮಿಷ ಮಗು ಓದಲಿ, ಕೊನೆಯ ಹತ್ತು ನಿಮಿಷ ನೀನು ಓದಿ ಹೇಳು. ಉಳಿದ ಹೊತ್ತು ಪುಸ್ತಕ ಆರಿಸಲಿಕ್ಕೆ, ಮಾತಿಗೆ ಬೇಕೇ ಬೇಕು.

ಮಗು ತಪ್ಪಿದ ಕೂಡಲೇ ಬಾಯಿ ಹಾಕುವುದು ಹೊಸಬರೆಲ್ಲರ ಚಾಳಿ. 1970ರ ದಶಕದ ಕೊನೆಗೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಟೆಡ್ ಗ್ಲಿನ್, ಸ್ಟುವರ್ಟ್ ಮೆಕ್‌ನಾಟನ್ ಎಂಬ ಸಂಶೋಧಕರು ಮತ್ತು ಅವರ ಜೊತೆಯವರು ಇದಕ್ಕೊಂದು ಕ್ರಮ ರೂಪಿಸಿದರು: ತುಸು ತಾಳು, ಸುಳಿವು ಕೊಡು, ಮೆಚ್ಚು. ಅದು ಶಿಕ್ಷಕರಲ್ಲದವರೂ ಮಾಡಬಹುದಾದದ್ದು. ಮಗು ನಿಂತರೆ ಮನಸ್ಸಿನಲ್ಲೇ ಐದು ಎಣಿಸು. ಎಷ್ಟೋ ಸಲ ಅದೇ ಸರಿಪಡಿಸಿಕೊಳ್ಳುತ್ತದೆ. ಆಮೇಲೂ ಆಗದಿದ್ದರೆ ಸುಳಿವು. 'ಮರದ ಮೇಲೆ ಹಕ್ಕಿ ಹಾಡುತ್ತಿತ್ತು' ಎಂಬುದನ್ನು 'ಹಗ್ಗ ಹಾಡುತ್ತಿತ್ತು' ಎಂದು ಓದಿದರೆ ಅರ್ಥ ಕೆಟ್ಟಿದೆ, 'ಹಗ್ಗ ಹಾಡುತ್ತದಾ?' ಎಂದು ಕೇಳು. 'ಪಕ್ಷಿ' ಎಂದು ಓದಿದರೆ ಅರ್ಥ ಸರಿಯಿದೆ, ಮಗು ಅಕ್ಷರ ನೋಡಿಲ್ಲ ಅಷ್ಟೇ. 'ಮೊದಲ ಅಕ್ಷರ ಯಾವುದು ನೋಡು' ಎನ್ನು. ಎರಡು ಸುಳಿವಿಗೂ ಬಾರದಿದ್ದರೆ ಪದವನ್ನು ನೀನೇ ಹೇಳಿ ಮುಂದೆ ಸಾಗು. ಅಲ್ಲೇ ಪಟ್ಟು ಹಿಡಿದು ಕೂತರೆ ಕಥೆಯ ಎಳೆ ತಪ್ಪಿ ಮಗುವಿಗೆ ಪುಸ್ತಕವೇ ಬೇಸರವಾಗುತ್ತದೆ. ಮೆಚ್ಚುವಾಗಲೂ ಬರೀ 'ಜಾಣ' ಎನ್ನಬೇಡ. 'ತಪ್ಪಾದದ್ದು ನಿನಗೇ ಗೊತ್ತಾಗಿ ತಿದ್ದಿಕೊಂಡೆಯಲ್ಲ' ಎಂದರೆ, ಏನು ಮಾಡಿದ್ದರಿಂದ ಸರಿಹೋಯಿತೆಂಬುದು ಅದಕ್ಕೆ ತಿಳಿಯುತ್ತದೆ.

ಮಗುವಿಗೊಂದು ನೋಟ್‌ಬುಕ್ ಇಡು: ತಾರೀಖು, ಪುಸ್ತಕ, ನಿಂತ ಪುಟ, ತೊಡಕಾದ ಒತ್ತಕ್ಷರಗಳು. ನೀನು ಬಾರದ ದಿನ ಬದಲಿಗೆ ಬಂದವರಿಗೆ ಅದು ದಾರಿ ತೋರಿಸುತ್ತದೆ. ಓದಿಸಿದ ಗಂಟೆಗಳ ಲೆಕ್ಕವನ್ನು ಶಾಲೆಯವರು ಕೇಳಿದರೆ ಅವತ್ತವತ್ತೇ ಸಹಿ ಹಾಕಿಸಿಕೋ.

ಎಲ್ಲರಿಗೂ ಕಾಣುವ ಜಾಗದಲ್ಲೇ ಕೂರಬೇಕು, ಮಗುವನ್ನು ಒಬ್ಬಳೇ ಹೊರಗೆ ಕರೆದೊಯ್ಯಬಾರದು. ಮನೆಯವರ ಒಪ್ಪಿಗೆಯಿಲ್ಲದೆ ಫೋಟೋ ಬೇಡ, ಸ್ಟೇಟಸ್ಸಿಗಂತೂ ಬೇಡವೇ ಬೇಡ. ಮಗು ಎಂದಾದರೂ ಹೊಡೆತದ ಗುರುತು ತೋರಿಸಿದರೆ, ಭಯದ ಮಾತಾಡಿದರೆ, 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡ. ಕೆದಕಿ ಕೇಳಲೂ ಬೇಡ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ ನೆನಪಿಟ್ಟುಕೊಂಡು ಅದೇ ದಿನ ಅಲ್ಲಿನ ಹಿರಿಯರಿಗೆ ತಿಳಿಸು. ಗೆಳತಿಯರ ನಡುವೆ ಆ ಮಾತು ಬರಕೂಡದು. ಇದೊಂದನ್ನು ಉಳಿದ ಏಳು ಜನರಿಗೂ ನೀನೇ ಕೂರಿಸಿ ಹೇಳು.

ಎಂಟನೇ ವಾರದಲ್ಲೇ 'ಇನ್ನೆರಡು ಸಲ ಬರುತ್ತೇನೆ' ಎಂದು ಮಗುವಿಗೆ ತಿಳಿಸು. ಹೇಳದೆ ನಿಲ್ಲಿಸಿದರೆ ತಾನೇನೋ ತಪ್ಪು ಮಾಡಿದೆನೆಂದುಕೊಳ್ಳುತ್ತದೆ. ನೋಟ್‌ಬುಕ್ಕನ್ನು ಗ್ರಂಥಪಾಲಕರ ಕೈಗೆ ಕೊಟ್ಟು, ಮುಂದಿನ ತಂಡ ಬರುವುದಾದರೆ ಅವರನ್ನು ಕೊನೆಯ ವಾರವೇ ಪಕ್ಕದಲ್ಲಿ ಕೂರಿಸಿಕೋ.

ಒಪ್ಪಿಗೆ ಪತ್ರದ ಕರಡು ಬರೆದು ಕಳಿಸು, ನೋಡಿ ತಿದ್ದಿ ಕೊಡುತ್ತೇನೆ.

ನಿನ್ನ ದೊಡ್ಡಮ್ಮ